ಕೊನೆಯ ಅಂಕದ ಬೂಟು

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ರಂಗಮಂದಿರದ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಹಿಂದಿನ ಸಂಜೆ ಪ್ರವಾಸಿ ತಂಡವೊಂದು ಇಟಲಿಯ ಹಳೆಯ ದುರಂತ ಒಪೆರಾ ಒಂದನ್ನು ಆಡುತ್ತಿತ್ತು. ನಾಲ್ಕನೆಯ, ಅಂದರೆ ಕೊನೆಯ ಅಂಕದಲ್ಲಿ, ಕಾಯಿಲೆಯ ನಾಯಕಿ ತನ್ನ ಕಡೆಯ ಹಾಡಿಗೆಂದು ಹಾಸಿಗೆಯಿಂದ ಏಳುತ್ತಿದ್ದಾಗ ಯಾರೋ ಬೆಂಕಿಯ ಗಂಟೆ ಬಾರಿಸಿದ್ದರು. ಬೆಂಕಿ ಇರಲಿಲ್ಲ, ಹೊಗೆಯೂ ಇರಲಿಲ್ಲ. ಆದರೆ ಜನ ಎದ್ದುಬಿದ್ದು ಬಾಗಿಲಿಗೆ ನುಗ್ಗಿದ ಗದ್ದಲದಲ್ಲಿ, ಕತ್ತಲಲ್ಲಿ ಸೀಟು ತೋರಿಸುವ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ನಾಟಕ ನೋಡುವವರೆಲ್ಲ ಆಕೆಯನ್ನು ಟಾರ್ಚ್ ಅಜ್ಜಿ ಎಂದೇ ಕರೆಯುತ್ತಿದ್ದರು.

ದೂರನ್ನು ಪೂರ್ತಿ ಓದುವ ಅಗತ್ಯ ಇನ್ಸ್‌ಪೆಕ್ಟರಿಗೆ ಇರಲಿಲ್ಲ. ಅವರೂ ಆ ಸಭೆಯಲ್ಲೇ ಇದ್ದರು. ಹೆಂಡತಿ ತಿಂಗಳ ಮುಂಚೆಯೇ ಟಿಕೆಟ್ ತೆಗೆದಿಟ್ಟು, ಈ ಸಲ ಯಾವ ಕಳ್ಳ ಸಿಕ್ಕಿದರೂ ನಾಳೆ ಬಾ ಅಂತ ಹೇಳಿ ಕಳಿಸಿ ಎಂದು ಕಟ್ಟಪ್ಪಣೆ ಮಾಡಿದ್ದರು. ಮೊದಲ ಅಂಕದಲ್ಲಿ ಇನ್ಸ್‌ಪೆಕ್ಟರ್ ತೂಕಡಿಸಿದರು. ಎರಡನೆಯದರಲ್ಲಿ ಗೊರಕೆ ಶುರುವಾಗಿ ಪಕ್ಕೆಗೆ ತಿವಿಸಿಕೊಂಡರು. ಮೂರನೆಯದರಲ್ಲಿ ನಾಯಕಿ ಒಬ್ಬಳೇ ನಿಂತು ಹಾಡತೊಡಗಿದಾಗ ಮಾತ್ರ ನಿದ್ದೆ ಎಲ್ಲಿ ಹಾರಿಹೋಯಿತೋ ಗೊತ್ತಾಗಲಿಲ್ಲ. ಭಾಷೆಯ ತಲೆಬುಡ ತಿಳಿಯದಿದ್ದರೂ ಈ ಹುಡುಗಿ ಬದುಕಬೇಕಪ್ಪ ಎಂದು ಅವರಿಗೆ ಮನಸಾರೆ ಅನ್ನಿಸಿತ್ತು.

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ರಂಗಮಂದಿರಕ್ಕೆ ಹೋದರು. ತಂಡದ ಲಾರಿಗಳು ಮಂಗಳವಾರ ಬೆಳಗ್ಗೆ ಮುಂದಿನ ಊರಿಗೆ ಹೊರಡುವುದಿತ್ತು. ಒಮ್ಮೆ ಹೊರಟುಬಿಟ್ಟರೆ ಅವರನ್ನು ಊರೂರು ಹುಡುಕಿಕೊಂಡು ಅಲೆಯಬೇಕಾಗುತ್ತಿತ್ತು.

ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ವೇದಿಕೆಯ ಎಡಬದಿಯಲ್ಲಿ, ಪರದೆಯ ಮರೆಯ ಗೋಡೆಗೆ ಗಾಜಿನ ಮುಚ್ಚಳವಿದ್ದ ಕೆಂಪು ಪೆಟ್ಟಿಗೆ. ಗಾಜು ಒಡೆದಿತ್ತು, ಒಳಗಿನ ಗುಂಡಿ ಒತ್ತಿಹೋಗಿತ್ತು. ವೇದಿಕೆಯಿಂದ ಹೊರಗೆ ಬರುವ ದಾರಿ ಅದರ ಕೆಳಗೇ ಹಾದುಹೋಗುತ್ತಿತ್ತು. ಆ ದಾರಿಯಲ್ಲಿ ಒಂದೇ ಒಂದು ಗಾಜಿನ ಚೂರಿರಲಿಲ್ಲ. ಚೂರುಗಳೆಲ್ಲ ಗೋಡೆಯ ಮೂಲೆಯಲ್ಲಿ ಒಂದು ಕಡೆ ಗುಡ್ಡೆಯಾಗಿದ್ದವು. ಗುಡಿಸಿದವರು ಯಾರು ಎಂದು ಕೇಳಿದರೆ ಮ್ಯಾನೇಜರ್, ಗಂಟೆಯಾದ ಕೂಡಲೇ ಬಾಗಿಲಿಗೆ ಬೀಗ ಹಾಕಿಸಿದ್ದೇನೆ, ಪೊರಕೆ ಇರಲಿ, ಇಲಿಯೂ ಒಳಗೆ ಬಂದಿಲ್ಲ ಎಂದರು.

“ಗಂಟೆ ಬಾರಿಸಿದೋನೇ ಗುಡಿಸಿ ಹೋಗಿದಾನೆ ಸಾರ್,” ಎಂದ ಹೆಡ್. “ಬಹಳ ಶುಚಿಯಾದ ಅಪರಾಧಿ.”

ಸಂಜೆಯವರೆಗೆ ತಂಡದವರನ್ನೆಲ್ಲ ವಿಚಾರಿಸಿದ್ದಾಯಿತು. ಮ್ಯಾನೇಜರಿಗೆ ದೀಪದವನ ಮೇಲೆ ಗುಮಾನಿ. ಅವನು ಕದ್ದು ಸಿಗರೇಟು ಸೇದುತ್ತಾನಂತೆ. ದೀಪದವನಿಗೆ ನಾಯಕನ ಮೇಲೆ ಗುಮಾನಿ. ಅವನಿಗೆ ಚಪ್ಪಾಳೆ ಕಡಿಮೆ ಬಿದ್ದಿತ್ತಂತೆ. ಗಂಟೆಯಾದಾಗ ದೀಪದವನು ಮೇಲಿನ ಅಟ್ಟದಲ್ಲಿದ್ದ, ನಾಯಕ ಇಡೀ ಊರಿನ ಕಣ್ಣೆದುರು ವೇದಿಕೆಯ ಮೇಲಿದ್ದ. ಇನ್ಸ್‌ಪೆಕ್ಟರ್ ಬರಿಗೈಯಲ್ಲಿ ಮನೆಗೆ ಬಂದರು.

ಊಟಕ್ಕೆ ಕೂತಾಗ ಹೆಂಡತಿ ನಿನ್ನೆಯ ಮಾತೇ ತೆಗೆದರು. ಕತೆ ಅರ್ಧಕ್ಕೆ ನಿಂತದ್ದು ಅವರ ಹೊಟ್ಟೆ ಉರಿಸುತ್ತಿತ್ತು. ಹೊರಗೆ ಆ ಚಳಿಗಾಳಿಯಲ್ಲಿ ಪಾಪ ನಾಯಕ ತೆಳು ಅಂಗಿಯಲ್ಲಿ ಗಡಗಡ ನಡುಗುತ್ತ ನಿಂತಿದ್ದ, ಹಿಮ್ಮೇಳದ ಹುಡುಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತಿದ್ದರು ಎಂದು ಮರುಗಿದರು.

“ಆ ನಾಯಕಿ ಒಬ್ಬಳೇ ಪುಣ್ಯವಂತೆ ನೋಡಿ. ಉಣ್ಣೆ ಕೋಟು, ಕೊರಳಿಗೆ ಮಫ್ಲರ್, ಕಾಲಿಗೆ ಬೂಟು.”

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಗಂಟೆಯಾಗುವ ಗಳಿಗೆಯಲ್ಲಿ ಅವಳು ವೇದಿಕೆಯ ಮೇಲೆ ಬರಿಗಾಲಲ್ಲಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಆ ಕಾಲುಗಳನ್ನು ನೋಡಿಯೇ ಅಯ್ಯೋ ಅನ್ನಿಸಿದ್ದು. ಗಾಜಿನ ಗುಡ್ಡೆ ಆಗ ನೆನಪಿಗೆ ಬಂತು. ಬರಿಗಾಲಲ್ಲಿ ಬರುವವರಿಗಾಗಿ ಯಾರೋ ದಾರಿ ಚೊಕ್ಕ ಮಾಡಿದ್ದರು.

ಸೋಮವಾರ ಬೆಳಗ್ಗೆ ಅವರು ಹೆಡ್ಡನ್ನು ವೇದಿಕೆಯ ಎಡಬದಿಯಲ್ಲಿ ನಿಲ್ಲಿಸಿ, ನಾಯಕಿಯ ಕೋಣೆಗೆ ಓಡಿ ಒಂದು ಕೋಟು ತಾ ಎಂದರು. ಕೋಣೆ ಎರಡು ಮಹಡಿ ಮೇಲಿತ್ತು. ಹೆಡ್ ಉಸ್ಸಪ್ಪಾ ಎಂದು ಏದುಸಿರು ಬಿಡುತ್ತ ಕೋಟು ಹಿಡಿದು ಕೆಳಗಿಳಿಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ನಿಧಾನವಾಗಿ ನಡೆದೇ ಹಿಂಬಾಗಿಲು ದಾಟಿ ಬೀದಿಯಲ್ಲಿ ನಿಂತಿದ್ದರು. ಅಲ್ಲಿಗೆ ಒಂದು ವಿಷಯ ಖಾತ್ರಿಯಾಯಿತು. ಕೋಟು, ಬೂಟು ಗಂಟೆಗೆ ಮುಂಚೆಯೇ ಕೆಳಗೆ ಬಂದಿದ್ದವು.

ನಾಯಕಿಯನ್ನು ಕರೆಸಿದರು. ವೇದಿಕೆಯ ಮೇಲೆ ಅಷ್ಟೆತ್ತರ ಕಂಡವಳು ಹತ್ತಿರದಿಂದ ಸಣ್ಣ ಹುಡುಗಿ. ಕೊರಳಿಗೆ ಅದೇ ಮಫ್ಲರ್, ಮಾತು ಪಿಸುದನಿ.

“ಕೊನೆಯ ಅಂಕದಲ್ಲಿ ಕಾಲಿಗೆ ಏನು ಹಾಕ್ತೀರಿ?”

“ಏನೂ ಇಲ್ಲ. ಬರಿಗಾಲು.”

“ಬೂಟು ಎಲ್ಲಿರುತ್ತೆ?”

“ಮೇಲೆ, ನನ್ನ ಕೋಣೇಲಿ. ಎಲ್ಲಾ ಮುಗಿದ ಮೇಲೆ ಅಕ್ಕ ಹಾಕಿಸ್ತಾಳೆ.”

“ಶನಿವಾರ ಯಾರು ಹಾಕಿಸಿದ್ದು?”

“ಅಕ್ಕಾನೇ. ಪರದೆ ಪಕ್ಕದಲ್ಲೇ ಹಿಡ್ಕೊಂಡು ನಿಂತಿದ್ದಳು…”

ಅಲ್ಲಿಗೆ ಅವಳ ಮಾತು ನಿಂತಿತು. ಮುಖ ಬಿಳಿಚಿಕೊಂಡಿತು. ಇನ್ಸ್‌ಪೆಕ್ಟರ್ ಅಕ್ಕನನ್ನು ಹುಡುಕಿಕೊಂಡು ಹೊರಟರು.

ಅಕ್ಕ ತಂಡದ ಉಡುಪುಗಳನ್ನು ನೋಡಿಕೊಳ್ಳುವವಳು. ನೆಲಮಾಳಿಗೆಯ ಕೋಣೆಯಲ್ಲಿ, ತಂಗಿಯ ಕೊನೆಯ ಅಂಕದ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಪೊಲೀಸರನ್ನು ಕಂಡು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ ಆರಿಸಿದಳು.

“ಗಂಟೆ ಬಾರಿಸಿದ್ದು ನೀವಾ?”

“ಹೌದು ಸಾರ್. ನಾನೇ.”

ಉಳಿದದ್ದನ್ನು ಅವಳು ಅಳದೆ, ತಡವರಿಸದೆ ಹೇಳಿದಳು. ಅಮ್ಮ ಹೋದಾಗ ತಂಗಿ ಇನ್ನೂ ಎತ್ತಿಕೊಳ್ಳುವ ಮಗು. ಅವಳನ್ನು ಸಾಕಿದ್ದು, ಹಾಡಿಗೆ ಹಾಕಿದ್ದು, ಆಮೇಲೆ ಅವಳ ಹಿಂದೆಯೇ ಈ ತಂಡ ಸೇರಿ ಊರೂರು ತಿರುಗಿದ್ದು ತಾನೇ. ಹಿಂದಿನ ಊರಿನಲ್ಲಿ ಗಂಟಲ ಡಾಕ್ಟರು, ಕೊನೆಯ ಹಾಡಿನಲ್ಲಿ ಬರುವ ಆ ಏರುದನಿಯನ್ನು ಇನ್ನೊಮ್ಮೆ ತೆಗೆದರೆ ದನಿಯೇ ಹೋಗಬಹುದು ಎಂದಿದ್ದರು. ಬದಲಿಗೆ ಹಾಡಬೇಕಾದವಳು ಜ್ವರದಲ್ಲಿ ಮಲಗಿದ್ದಳು. ಆಟ ನಿಲ್ಲಿಸಿ ಎಂದು ತಂಡದ ಯಜಮಾನನನ್ನು ಬೇಡಿಕೊಂಡರೆ ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ತಂಗಿಯೂ ಕೇಳಲಿಲ್ಲ, ಜನ ಬಂದು ಕೂತಿದ್ದಾರೆ ಎಂದಳು. ಮೂರನೆಯ ಅಂಕದ ಕೊನೆಗೆ ಆ ದನಿಯಲ್ಲಿ ಒಂದು ಸಣ್ಣ ಬಿರುಕು ಬಂತು. ಇನ್ಯಾರಿಗೂ ಅದು ಕೇಳಿಸಲಿಲ್ಲ, ಅಕ್ಕನಿಗೆ ಕೇಳಿಸಿತು. ಮೇಲೆ ಹೋಗಿ ಕೋಟು, ಬೂಟು ತಂದಳು. ತಂಗಿ ಹಾಸಿಗೆಯಿಂದ ಏಳುವುದನ್ನೇ ಕಾದು ಗಾಜು ಒಡೆದು ಗುಂಡಿ ಒತ್ತಿದಳು. ಚೂರುಗಳನ್ನು ಕಾಲಿನಿಂದ ಮೂಲೆಗೆ ತಳ್ಳಿದಳು.

“ಜನ ಹೊರಗೆ ಹೋಗ್ತಾರೆ, ಬೈಕೊಂಡು ಮನೆಗೆ ಹೋಗ್ತಾರೆ ಅಂದ್ಕೊಂಡೆ. ಅಜ್ಜಿ ಬೀಳ್ತಾರೆ ಅಂತ ಹೊಳೀಲೇ ಇಲ್ಲ ಸಾರ್. ನನ್ನ ತಲೆ ತುಂಬ ಇವಳ ಗಂಟಲೇ ಇತ್ತು.”

ಬಾಗಿಲಲ್ಲಿ ತಂಗಿ ಬಂದು ನಿಂತದ್ದು ಆಗ ಎಲ್ಲರಿಗೂ ಕಂಡಿತು.

“ಅಕ್ಕಾ, ನಾನು ಆ ದನಿ ತೆಗೀತಿರಲಿಲ್ಲ ಕಣೆ,” ಎಂದಳು ಅವಳು. “ಕೊನೇ ಅಂಕಕ್ಕೆ ಮುಂಚೆ ವಾದ್ಯದವರ ಹತ್ತಿರ ಮಾತಾಡಿ ಬಂದಿದ್ದೆ. ಅಲ್ಲಿ ಪಿಟೀಲು ನುಡಿಸ್ತಾರೆ, ನಾನು ಸುಮ್ನೆ ಕುಸಿದು ಮಲಗೋದು ಅಂತ.”

ಅಕ್ಕ ಅವಳ ಕಡೆ ತಿರುಗಿದಳು.

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಗೆ ಹೇಳ್ಲಿ? ಪ್ರತಿ ಊರಲ್ಲೂ ಅದೊಂದು ದನಿಗೆ ಕಣ್ಣು ಮುಚ್ಕೊಂಡು ನಿಂತಿರ್ತಿದ್ದೆ ನೀನು. ಇನ್ಮೇಲೆ ಅದು ಬರಲ್ಲ ಅಂತ ನಿನಗೆ ಹೇಗೆ ಹೇಳ್ಲಿ?”

ಹೆಡ್ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ತನಗೆ ಧೂಳು ಆಗುವುದಿಲ್ಲ ಎಂದು ಆಮೇಲೆ ಯಾರೂ ಕೇಳದೆಯೇ ಹೇಳಿದ.

ಮಧ್ಯಾಹ್ನ ಬಂಧನ ದಾಖಲಾಯಿತು. ಸುಳ್ಳು ಎಚ್ಚರಿಕೆ, ಅದರಿಂದ ಒಬ್ಬರಿಗೆ ತೀವ್ರ ಗಾಯ. ಬಂಧಿಸಲು ಕಾರಣಗಳನ್ನು ಆರೋಪಿಗೆ ತಿಳಿಸಲಾಯಿತು. ಜಾಮೀನು ಸಿಗಬಹುದು, ಆದರೆ ಅದು ನ್ಯಾಯಾಲಯದ ಮಾತು. ಕುಟುಂಬಕ್ಕೆ ತಿಳಿಸಬೇಕೆಂಬ ನಿಯಮದಂತೆ ತಿಳಿಸಲು ಇದ್ದವಳು ತಂಗಿ ಒಬ್ಬಳೇ. ಇನ್ಸ್‌ಪೆಕ್ಟರಿಗೆ ಅಕ್ಕನ ಮೇಲೆ ಸಿಟ್ಟು ಬರಬೇಕೆನಿಸಿತು, ಬರಲಿಲ್ಲ. ಆಸ್ಪತ್ರೆಯಲ್ಲಿ ಕಾಲು ಕಟ್ಟಿಸಿಕೊಂಡು ಮಲಗಿದ ಅಜ್ಜಿಯನ್ನು ನೆನೆದರೆ ಇವಳನ್ನು ಬಿಡುವುದೂ ಆಗುತ್ತಿರಲಿಲ್ಲ. ಆ ಹುಡುಗಿ ಬದುಕಲಿ ಎಂದು ತಾವು ಆ ಸಂಜೆ ಬಯಸಿದ್ದನ್ನೇ ಇವಳು ಕೈಯಾರೆ ಮಾಡಹೋಗಿದ್ದಳು ಎಂಬುದು ಮಾತ್ರ ಅವರ ಮನಸ್ಸಿನಿಂದ ಹೋಗಲಿಲ್ಲ.

ಮಹಿಳಾ ಕಾನ್‌ಸ್ಟೆಬಲ್ ಅಕ್ಕನ ತೋಳು ಹಿಡಿದು ಹಿಂಬಾಗಿಲಿನಿಂದ ಜೀಪಿನತ್ತ ಕರೆತಂದಳು. ಗಾಳಿ ಬೀಸುತ್ತಿತ್ತು. ತಂಗಿ ಹಿಂದೆಯೇ ಓಡಿಬಂದಳು. ಜೀಪು ಶುರುವಾದಾಗ ಅವಳು ತಡೆಯಲಾರದೆ ಅಕ್ಕಾ ಎಂದು ಕೂಗಲು ಬಾಯಿ ತೆರೆದಳು.

“ಕೂಗಬೇಡ,” ಎಂದಳು ಅಕ್ಕ ಒಳಗಿನಿಂದ. “ಗಂಟಲು.”

ತಂಗಿ ಬಾಯಿ ಮುಚ್ಚಿಕೊಂಡಳು. ಮಫ್ಲರನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡು, ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಸದ್ದಿಲ್ಲದೆ ಅಳುತ್ತ ನಿಂತಳು.