ಫ್ರಿಜ್ಜಿನ ಮೈಮೇಲಿನ ಪ್ಲಾಸ್ಟಿಕ್ಕು

ಈ ಮನುಷ್ಯನಿಗೆ ಬೇರೆ ಕೆಲಸವೇ ಇಲ್ಲವಾ...

ರಾಬರ್ಟ್‌ಸನ್‌ಪೇಟೆಯ ಪೆರುಮಾಳ್ ಅಂಗಡಿಯಲ್ಲಿ ಸಾಲಾಗಿ ನಿಂತಿದ್ದ ಫ್ರಿಜ್ಜುಗಳ ಬಾಗಿಲನ್ನು ಅವನು ಒಂದೊಂದಾಗಿ ತೆಗೆಯುತ್ತಿದ್ದ, ಮುಚ್ಚುತ್ತಿದ್ದ. ತೆಗೆದಾಗಲೆಲ್ಲ ಒಳಗೆ ಇಣುಕಿ, ಏನೂ ತಿಳಿಯದವನಂತೆ ತಲೆಯಾಡಿಸುತ್ತಿದ್ದ.

"ಅದೂ ತೆಗ್ದು ನೋಡ್ಲಾ ಬಾಲಾಜಿ" ಎಂದು ಅವನ ತಾಯಿ ಮುನಿಗಂಗಮ್ಮ ಹಿಂದಿನಿಂದ ಹುರಿದುಂಬಿಸುತ್ತಿದ್ದಳು. ಅವಳ ಕಣ್ಣು ಮಾತ್ರ ಫ್ರಿಜ್ಜುಗಳ ಮೇಲಿರಲಿಲ್ಲ. ಮಾರಲು ನಿಂತಿದ್ದ ವನಿತಾಳ ಮೇಲಿತ್ತು.

ವನಿತಾ ಕೈಕಟ್ಟಿಕೊಂಡು ನಿಂತಿದ್ದಳು. ಈ ಅಂಗಡಿಗೆ ಸೇರಿದ ಮೇಲೆ ಅವಳಿಗೆ ಮನುಷ್ಯಜಾತಿಯ ಮೇಲಿದ್ದ ಗೌರವವೆಲ್ಲ ಕರಗಿಹೋಗಿತ್ತು. ಮನೆಯಲ್ಲಿ ಇರುವುದು ಮೂರು ತಲೆ, ಬೇಕಾದದ್ದು ಬೀರುವಿನಷ್ಟು ಎತ್ತರದ ಫ್ರಿಜ್ಜು! ಬಾಗಿಲ ಮೇಲಿನ ಹೂವಿನ ಚಿತ್ರ ನೋಡುತ್ತಾರೆ, ಪಕ್ಕದ ಮನೆಯದಕ್ಕಿಂತ ದೊಡ್ಡದೋ ಅಲ್ಲವೋ ನೋಡುತ್ತಾರೆ. ಕಣ್ಣಿಗೆ ಹೊಡೆಯುವಂತೆ ಅಂಟಿಸಿರುವ ಸ್ಟಾರ್ ಚೀಟಿಯನ್ನು ಒಬ್ಬನಾದರೂ ನೋಡಬೇಕಲ್ಲ. ಆಮೇಲೆ ಬಿಲ್ಲು ಬಂದಾಗ ಮೀಟರಿನವನನ್ನು ಬೈಯುತ್ತಾರೆ, ಸೆಕೆಯಾದಾಗ ಸೂರ್ಯನನ್ನು ಬೈಯುತ್ತಾರೆ. ತಮ್ಮನ್ನು ಮಾತ್ರ ಬೈದುಕೊಳ್ಳುವುದಿಲ್ಲ.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ಬೂದಿಕೋಟೆಯಲ್ಲಿ ತಾಯಿ ಮಗ ಇಬ್ಬರೇ. ಹಸುಗಳಿವೆ, ಬೆಣ್ಣೆ ಮೊಸರು ಇಟ್ಟುಕೊಳ್ಳಬೇಕು, ಅಷ್ಟೇ. ವನಿತಾ ಮೂಲೆಯಲ್ಲಿದ್ದ ಐದು ಸ್ಟಾರಿನ ಚಿಕ್ಕ ಫ್ರಿಜ್ಜು ತೋರಿಸಿದಳು.

ಮುನಿಗಂಗಮ್ಮ ಹಿಂದೆ ಸರಿದಳು. "ಐದು ಸ್ಟಾರು ನಮ್ಗ್ಯಾಕಮ್ಮಾ? ಅದು ದೊಡ್ಡ ಓಟ್ಲಿನವ್ರಿಗೆ. ನಮ್ಗೆ ಒಂದಿದ್ರೆ ಸಾಕು, ಕರೆಂಟಾದ್ರೂ ಉಳೀತದೆ."

ವನಿತಾಳ ತುಟಿ ಒಂದು ಕಡೆಗೆ ಸೊಟ್ಟಗಾಯಿತು. ಸ್ಟಾರು ಹೆಚ್ಚಾದಷ್ಟೂ ಕರೆಂಟು ಕಡಿಮೆ, ಕರೆಂಟು ಕಡಿಮೆಯಾದಷ್ಟೂ ಎಲ್ಲೋ ಕಲ್ಲಿದ್ದಲು ಸುಡುವುದು ಕಡಿಮೆ, ನಾಳೆ ನಮ್ಮ ಊರಿನ ಬಿಸಿಲಿಗೂ ಅದೇ ಒಳ್ಳೆಯದು ಎಂದು ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಕೊನೆಗೆ "ಗೊತ್ತಾಯ್ತಾ?" ಎಂದು ಸೇರಿಸಿದಳು. ವಿವರಣೆಗೆ ಆ ಮಾತು ಬೇಕಿರಲಿಲ್ಲ. ಅವಮಾನಕ್ಕೆ ಬೇಕಿತ್ತು.

ತಾಯಿಯ ಮುಖ ಗಂಟಿಕ್ಕಿತು. ಮಗ ಮಾತ್ರ ನಕ್ಕುಬಿಟ್ಟ.

"ನಾನೂ ಅಮ್ಮನಂಗೇ ಅಂದ್ಕೊಂಡಿದ್ದೆ ಮೇಡಂ. ಇದನ್ನೇ ಕೊಡಿ."

ತಪ್ಪು ಸಿಕ್ಕಿಬಿದ್ದಾಗ ಗಂಡಸರು ದನಿ ಏರಿಸುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ತನ್ನ ದಡ್ಡತನಕ್ಕೆ ತಾನೇ ನಗುವವನನ್ನು ನೋಡಿರಲಿಲ್ಲ. ಆ ನಗುವಿಗೆ ಎದೆಯೊಳಗೆ ಏನೋ ಮಿಸುಕಿತು... ಅದಕ್ಕೇ ಸಿಟ್ಟು ಬಂತು. ಗೋಡೆಯಿಂದ ಒಂದು ಗೇಣು ದೂರ ಇಡಿ, ಒಲೆಯ ಹತ್ತಿರ ಬೇಡ, ಬಿಸಿಲು ಬೀಳಬಾರದು, ಮನೆಗೆ ಹೋದ ಕೂಡಲೇ ಪ್ಲಾಸ್ಟಿಕ್ ಎಲ್ಲ ಕಿತ್ತುಹಾಕಿ ಎಂದು ಗದರಿಸಿದಳು. ಅವನು ವಿಧೇಯನಾಗಿ ತಲೆಯಾಡಿಸಿದ.

ಸಂಜೆ ಗಣಿ ಕಾಲೋನಿಯಾದ ಮೈಸೂರು ಮೈನ್ಸ್‌ನ ಮನೆಗೆ ಬಂದರೆ ಅಪ್ಪ ಆಂಜಿನಪ್ಪನ ಮುಖ ಅರಳಿತ್ತು. ಬೂದಿಕೋಟೆಯವರು ಅಂಗಡಿಗೆ ಬಂದಿದ್ದು ನಿನ್ನನ್ನು ನೋಡುವುದಕ್ಕೇ ಮಗಳೇ, ಒಪ್ಪಿಗೆಯಂತೆ ಎಂದ.

ವನಿತಾಳ ಮೈ ಉರಿದುಹೋಯಿತು.

ಹಾಗಾದರೆ ಆ ನಗು... ಅದೂ ನಾಟಕವೇ? ಅಲ್ಲಿ ಬಾಗಿಲು ತೆಗೆದು ಮುಚ್ಚಿ ನೋಡಿದ್ದು ಫ್ರಿಜ್ಜನ್ನಲ್ಲ, ತನ್ನನ್ನು!

"ಏಳ್ದೆ ಕೇಳ್ದೆ ಬಂದು ಸಾಮಾನು ನೋಡ್ದಂಗೆ ನೋಡ್ಕೊಂಡು ಓಗೋರು ನಂಗೆ ಬೇಡಪ್ಪಾ. ಹಂಗೇ ಏಳ್ಕಳ್ಸು" ಎಂದಳು.

ಬೈಯುವಷ್ಟು ಬೈದು ಒಳಗೆ ಹೋದ ಮೇಲೆ ಅವಳಿಗೆ ಅಳು ಬಂತು. ಬೇಡ ಎಂದವನ ನಗು ಯಾಕೆ ನೆನಪಾಗಬೇಕು? ಛೀ, ಎಂಥ ಮನಸ್ಸು ಇದು...

ಕೆಲವು ವಾರ ಕಳೆದ ಮೇಲೆ ಅವನು ಮತ್ತೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ವನಿತಾ ತಲೆ ಎತ್ತಿ ನೋಡಿದ ರೀತಿಗೆ ಬೇರೆ ಯಾರಾದರೂ ಆಗಿದ್ದರೆ ಹಾಗೇ ಬಸ್ಸು ಹತ್ತುತ್ತಿದ್ದರು. ಅವನು ಬಾಯಿ ತೆರೆದ, ಮುಚ್ಚಿದ. ಕೊನೆಗೆ ಐಸು ಕಟ್ಟುತ್ತಿಲ್ಲ, ಮೋಟಾರು ನಿಲ್ಲುವುದೇ ಇಲ್ಲ ಎಂದ.

"ಫ್ರಿಜ್ಜು ಸರಿಯಾಗೇ ಇರುತ್ತೆ. ಇಟ್ಕೊಂಡೋರು ಸರಿ ಇರಲ್ಲ" ಎಂದಳು ವನಿತಾ. ಅವನು ತಲೆ ತಗ್ಗಿಸಿ ಹೊರಟುಹೋದ.

ಮೆಕ್ಯಾನಿಕ್ ಮಗಳ ಸೀಮಂತಕ್ಕೆಂದು ಕುಪ್ಪಂಗೆ ಹೋಗಿದ್ದ. ಮಾಲೀಕ ಪೆರುಮಾಳ್, ನೀನೇ ಹೋಗಿ ನೋಡಿ ಬಾ ಎಂದು ವನಿತಾಳಿಗೆ ಹೇಳಿದ. "ಪಾವಂ ಅಮ್ಮಾ, ಪಾಪ, ಒಳ್ಳೆ ಹುಡುಗ. ತೇಕಲ್ ಕಡೆ ಹೆಣ್ಣು ನೋಡ್ತಿದಾರಂತೆ, ಬರೋ ವಾರ ಮಾತು ಮುಗಿದ್ಬಿಡ್ತದೆ" ಎಂದೂ ಸೇರಿಸಿದ.

ಮುಗಿಯಲಿ, ನನಗೇನು ಎಂದುಕೊಂಡಳು. ಬಂಗಾರಪೇಟೆಯಲ್ಲಿ ಬೂದಿಕೋಟೆಯ ಬಸ್ಸು ಹಿಡಿದು ಕಿಟಕಿಯ ಪಕ್ಕ ಕೂತ ಮೇಲೆ ಮಾತ್ರ ಟಿಕೆಟನ್ನು ಬೆರಳಿಗೆ ಸುತ್ತಿ ಬಿಚ್ಚತೊಡಗಿದಳು. ಬೇಡ ಎಂದದ್ದು ತಾನೇ. ಈಗ ಅವನು ಬೇರೆಯವಳಿಗೆ ಆಗಿಬಿಟ್ಟರೆ ಆ ನಗುವನ್ನು ಇನ್ನು ನೋಡುವ ಹಾಗೇ ಇಲ್ಲ...

ಬಾಲಾಜಿಯ ನಡುಮನೆಯಲ್ಲಿ ಫ್ರಿಜ್ಜು ದೇವರಂತೆ ನಿಂತಿತ್ತು. ಸ್ಟಾರ್ ಚೀಟಿಗೆ ಅರಿಶಿನ ಕುಂಕುಮ ಬೇರೆ. ಗೋಡೆಯಿಂದ ಗೇಣು ದೂರವಿತ್ತು, ಬಿಸಿಲು ಬೀಳುತ್ತಿರಲಿಲ್ಲ, ಒಲೆ ಅಡುಗೆಮನೆಯಲ್ಲಿತ್ತು. ಅವಳು ಹೇಳಿದ್ದೆಲ್ಲ ಪಾಲಿಸಿದ್ದರು, ಒಂದನ್ನು ಬಿಟ್ಟು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹಾಳೆ ಅಡಿಯಿಂದ ಮುಡಿಯವರೆಗೆ ಹಾಗೇ ಇತ್ತು. ಅದರ ಅಂಚು ಬಾಗಿಲಿನ ರಬ್ಬರಿಗೆ ಸಿಕ್ಕಿ ಮುದುರಿಕೊಂಡಿತ್ತು.

ವನಿತಾ ಬಾಗಿಲ ಸಂದಿಗೆ ಬಸ್ ಟಿಕೆಟ್ ಇಟ್ಟು ಮುಚ್ಚಿ ಎಳೆದಳು. ಹಿಡಿತವೇ ಇಲ್ಲದೆ ಟಿಕೆಟ್ ಜಾರಿ ಕೈಗೆ ಬಂತು.

"ನೋಡಿ, ತಂಪೆಲ್ಲ ಹೊರಗೆ ಹೋಗ್ತಿದೆ. ಐದು ಸ್ಟಾರನ್ನ ನಿಮ್ಮ ಕೈಯಾರೆ ಒಂದಕ್ಕೆ ಇಳಿಸಿದೀರಿ. ಅವತ್ತೇ ಹೇಳಿರಲಿಲ್ವಾ, ಕೀಳಿ ಅಂತ?"

"ಏಳಿದ್ರಿ" ಎಂದ ಬಾಲಾಜಿ.

"ಮತ್ತೆ?"

ವನಿತಾ ಪ್ಲಾಸ್ಟಿಕ್ಕಿನ ಒಂದು ಮೂಲೆ ಹಿಡಿದಳು.

"ಅದನ್ನ ಕೀಳ್ಬೇಡಿ."

"ಯಾಕೆ, ತೇಕಲ್‌ನವರು ಬಂದು ನೋಡೋವರೆಗೂ ಹೊಸದಾಗಿ ಕಾಣಬೇಕಾ?" ಅಂದುಬಿಟ್ಟಳು. ಅಂದ ಮೇಲೆ ಯಾಕಾದರೂ ಅಂದೆನೋ ಎನಿಸಿತು.

ಅಡುಗೆಮನೆಯಿಂದ ಮುನಿಗಂಗಮ್ಮ ಮಜ್ಜಿಗೆ ಲೋಟ ಹಿಡಿದು ಬಂದಳು.

"ಯಾವ ತೇಕಲ್ಲಮ್ಮಾ? ಅಲ್ಲಿಗೆ ಬರಾಕಿಲ್ಲ ಅಂದ್ಬಿಟ್ಟ ಇವ್ನು." ಲೋಟ ಕೊಟ್ಟು ಅಲ್ಲೇ ನಿಂತಳು. "ತಪ್ಪು ನಂದು ತಾಯಿ. ಹೆಣ್ಣು ನೋಡಾಕೆ ಅಂದ್ರೆ ಇವ್ನು ಬರ್ತಿರ್ಲಿಲ್ಲ, ಫ್ರಿಜ್ಜು ತರಾನ ಅಂತ ಕರ್ಕೊಂಡ್ ಬಂದೆ. ನೀನು ಬೇಡ ಅಂದ್ಮೇಲೇ ಇವ್ನಿಗೆ ಏಳಿದ್ದು. ಒಂದು ಹೆಣ್ಮಗೂನ ಅಂಗ್ ಕದ್ದು ನೋಡಬೌದಾ ಅಂತ ನನ್ನೇ ಬೈದ."

ವನಿತಾ ಒಂದೇ ಕೈಯಲ್ಲಿ ಲೋಟವನ್ನು ಫ್ರಿಜ್ಜಿನ ಮೇಲಿಟ್ಟಳು.

"ಆ ಕವರು ಬಿಟ್ಟಿರೋದೂ ನಾನೇ. ನಮ್ಮನೇಲಿ ಹೊಸ ಸಾಮಾನಿನ ಕವರು ಬರೋ ಸೊಸೆ ಕೈಲೇ ತೆಗ್ಸೋದು." ಇಷ್ಟು ಹೇಳಿ ಮುನಿಗಂಗಮ್ಮ ಹಾಲಿನ ಕ್ಯಾನು ಎತ್ತಿಕೊಂಡು ಹಸುಗಳ ಕಡೆಗೆ ಹೋದಳು.

ಪ್ಲಾಸ್ಟಿಕ್ಕಿನ ಮೂಲೆ ಇನ್ನೂ ವನಿತಾಳ ಬೆರಳುಗಳಲ್ಲೇ ಇತ್ತು. ಊರಿನ ಜನರನ್ನೆಲ್ಲ ದಡ್ಡರೆಂದು ಆಡಿಕೊಂಡವಳಿಗೆ ಈಗ ತನ್ನ ಮೇಲೇ ಹೇಸಿಗೆಯಾಯಿತು. ಒಬ್ಬ ಮನುಷ್ಯನನ್ನು ಒಂದು ಮಾತೂ ಕೇಳದೆ ತೂಗಿ ಎಸೆದಿದ್ದಳಲ್ಲ... ಕಣ್ಣು ತುಂಬಿತು.

"ಮೊನ್ನೆ ಅಂಗಡಿಗೆ ಬಂದಿದ್ದು ನಿಮಗೆ ಗೊತ್ತಿರಲಿಲ್ಲ ಅಂತ ಹೇಳೋಕಾ?"

"ಊಂ. ನಿಮ್ ಮುಖ ನೋಡಿ, ಐಸು ಕಟ್ತಿಲ್ಲ ಅಂದ್ಬಿಟ್ಟೆ." "ಮೊದಲ್ನೇ ಸಲ ಬಂದಾಗ ನಾನು ನೋಡಿದ್ದು ಫ್ರಿಜ್ಜನ್ನೇ, ಸತ್ಯವಾಗ್ಲೂ. ಮನೆಗೆ ಬಂದ್ಮೇಲೆ ನೆನಪಾಗಿದ್ದು ಮಾತ್ರ ನೀವು."

"ನಂದು ನಾಲಿಗೆ ಉದ್ದ. ಮದುವೆ ಆದ್ರೆ ಗಿಡ್ಡ ಆಗಲ್ಲ. ಅಂಗಡಿ ಕೆಲಸಾನೂ ಬಿಡಲ್ಲ."

"ಬಿಡ್ಬೇಡಿ. ನಂಗೆ ಗೊತ್ತಿಲ್ದಿರೋದು ಇನ್ನೂ ತುಂಬ ಐತೆ. ಬೈಯೋಕೆ ಒಬ್ರು ಬೇಕು."

ಮತ್ತೆ ಅದೇ ನಗು. ವನಿತಾ ಕಣ್ಣೊರೆಸಿಕೊಂಡು, ಉಸಿರು ಬಿಗಿಹಿಡಿದು ಮೂಲೆಯಿಂದ ಎಳೆದಳು. ಪ್ಲಾಸ್ಟಿಕ್ಕು ಸರ್ರನೆ ಕಿತ್ತು ಕಾಲ ಬಳಿ ಬಿತ್ತು. ಸಂದಿಗೆ ಟಿಕೆಟ್ ಇಟ್ಟು ಬಾಗಿಲು ಮುಚ್ಚಿದಳು. ಎಷ್ಟು ಎಳೆದರೂ ಈಗ ಟಿಕೆಟ್ ಬರಲಿಲ್ಲ.

ಬಾಲಾಜಿ ಕಣ್ಣು ಮಿಟುಕಿಸದೆ ನಿಂತಿದ್ದ.

"ಕವರು ಯಾರು ಕಿತ್ತಿದ್ದು ಅಂತ ಅಮ್ಮ ಕೇಳಿದ್ರೆ ನಾನೇನು ಏಳ್ಲಿ ಮೇಡಂ?"

"ನಿನ್ ಸೊಸೆ ಅಂತ ಏಳು" ಎಂದಳು ವನಿತಾ ಮೆಲ್ಲಗೆ. "ಗೊತ್ತಾಯ್ತಾ?"