ಇವರು ನಿಮಗೇನಾಗಬೇಕು?

"ನಿಲ್ಲಿ! ಯಾರ ಕಡೆಯವರು ನೀವು?"

ಶಿಶುವಿಹಾರದ ಗೇಟಿನಲ್ಲಿ ಅವಳು ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. ಎದುರಿಗಿದ್ದವನ ಒಂದು ಹೆಗಲಲ್ಲಿ ಕಬ್ಬಿಣದ ಸರಪಳಿ, ಇನ್ನೊಂದರಲ್ಲಿ ಸ್ಪ್ಯಾನರುಗಳು ತುಂಬಿದ ಚೀಲ.

"ಉಯ್ಯಾಲೆ ಕಡೆಯವನು. ನಿಮ್ಮ ಉಯ್ಯಾಲೆ ಕಿರ್ ಅಂತಿದೆಯಂತೆ, ಫೋನ್ ಬಂತು."

"ಒಳಗೆ ಕೇಳ್ಕೊಂಡು ಬರೋ ತನಕ ಇಲ್ಲೇ ಇರಿ. ಗುರುತಿಲ್ಲದವರನ್ನ ಬಿಡೋ ಹಾಗಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಸಿಡುಕುತ್ತಿದ್ದರು. ಅವನು ಸರಪಳಿಯನ್ನು ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟ. "ಮಕ್ಕಳಿರೋ ಜಾಗ. ಹೀಗೇ ಇರಬೇಕು, ಟೀಚರ್" ಎಂದು ನಕ್ಕ.

ಆ ನಗು... ಅವಳ ಬಿಗಿದ ಮುಖದ ಒಂದು ತಿರುಪು ಸಡಿಲವಾಗಿದ್ದು ಅಲ್ಲೇ!

ಶಾಲೆಯಿಂದ ಶಾಲೆಗೆ, ಶಿಶುವಿಹಾರದಿಂದ ಶಿಶುವಿಹಾರಕ್ಕೆ ಹೋಗಿ ಮಕ್ಕಳಿಗೆ ತಮ್ಮನ್ನು ತಾವು ಕಾಪಾಡಿಕೊಳ್ಳುವುದನ್ನು ಕಲಿಸುವುದು ಅವಳ ಕೆಲಸ. 'ನಿಮ್ಮ ಮೈ ನಿಮ್ಮದು. ಇಷ್ಟವಾಗದಿದ್ದರೆ ಬೇಡ ಅನ್ನಿ, ಓಡಿ, ನಂಬಿಕೆಯವರಿಗೆ ಹೇಳಿ.' ಮಕ್ಕಳ ಪಾಲಿಗೆ ಅವಳು ಜಾಗ್ರತೆ ಟೀಚರ್. ಪುಟ್ಟ ಬಾಯಿಗಳಿಂದ ಕೇಳಬಾರದ್ದನ್ನೆಲ್ಲ ಕೇಳಿ ಕೇಳಿ, ಮೂವತ್ತೈದು ದಾಟಿದರೂ ಯಾವ ಗಂಡಸಿನ ಮುಂದೆಯೂ ಅವಳ ಮನಸ್ಸು ಚಿಲಕ ತೆಗೆದಿರಲಿಲ್ಲ.

"ನೀನು ಬಿಡು, ಮದುವೆ ಮಂಟಪದಲ್ಲಿ ಗಂಡಿನ ಹತ್ತಿರಾನೂ ಗುರುತಿನ ಚೀಟಿ ಕೇಳ್ತೀಯ!" ಎಂದು ಅಕ್ಕ ರೇಗಿಸುತ್ತಿದ್ದಳು.

ಆಮೇಲೂ ಒಂದಲ್ಲ ಒಂದು ಶಾಲೆಯಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಉಯ್ಯಾಲೆಯವನಿಗೆ ಆತುರವಿರಲಿಲ್ಲ. ಪಕ್ಕದಲ್ಲಿ ಕೂರಬೇಕಾದರೂ ಕೇಳುತ್ತಿದ್ದ. ಅವಳ ಭಾರದ ಚೀಲ ಹೊರಬೇಕಾದರೂ ಕೇಳುತ್ತಿದ್ದ.

"ಎಲ್ಲದಕ್ಕೂ ಯಾಕೆ ಕೇಳ್ತೀರಿ?"

"ನೀವು ಕಿಟಕಿಯೊಳಗೆ ಪಾಠ ಮಾಡ್ತಿದ್ರಿ, ನಾನು ಹೊರಗೆ ಬೋಲ್ಟ್ ಬಿಗೀತಿದ್ದೆ. ನಾನೂ ನಿಮ್ಮ ಶಿಷ್ಯನೇ ಅಲ್ವಾ!"

ಹೀಗೆ ಕೇಳುತ್ತಲೇ ಒಂದು ದಿನ ಮದುವೆಯ ಮಾತನ್ನೂ ಕೇಳಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅಕ್ಕನಿಗೆ ಬಿಟ್ಟರೆ ಇನ್ನಾರಿಗೂ ಹೇಳಿರಲಿಲ್ಲ.

ಆಮೇಲೆ ಬಂದದ್ದು ಆ ನಾಟಕ.

ಪಾಠ ಮುಗಿದ ಮೇಲೆ ಮಕ್ಕಳಿಗೆ ಗೊತ್ತಿಲ್ಲದ ಒಬ್ಬರನ್ನು ಬೇಲಿಯ ಹತ್ತಿರ ನಿಲ್ಲಿಸಿ, ಮಕ್ಕಳನ್ನು ಪುಸಲಾಯಿಸುವ ಹಾಗೆ ಮಾತಾಡಿಸುವುದು ಅವಳ ಕ್ರಮ. ಅವತ್ತು ಬರಬೇಕಿದ್ದವರು ಕೈಕೊಟ್ಟರು. ಅದು ಅವನು ಹಿಂದೆಂದೂ ಕೆಲಸ ಮಾಡಿರದ ಶಿಶುವಿಹಾರ, ಅಲ್ಲಿನ ಮಕ್ಕಳಿಗೆ ಅವನ ಗುರುತಿರಲಿಲ್ಲ. "ನೀವೇ ಬನ್ನಿ" ಎಂದಳು.

"ಬೆಕ್ಕಿನ ಮರಿ ತೋರಿಸ್ತೀನಿ, ಬರ್ತೀಯಾ ಪುಟ್ಟಿ?" ಎಂದು ಅವನು ಅಂದದ್ದೇ ತಡ, ಮೆಣಸಿನಕಾಯಿ ಎಂದೇ ಎಲ್ಲರೂ ಕರೆಯುತ್ತಿದ್ದ ಪುಟಾಣಿ ಹುಡುಗಿ "ಬೇಡಾ!" ಎಂದು ಕಿರುಚಿದ ರಭಸಕ್ಕೆ ಅಡುಗೆಯಾಕೆಯ ಕೈಯ ಸೌಟು ಬಿತ್ತು. ಮಕ್ಕಳೆಲ್ಲ ಒಳಗೆ ಓಡಿದರು.

ಶಿಶುವಿಹಾರದ ಯಜಮಾನಮ್ಮ ಚಪ್ಪಾಳೆ ತಟ್ಟಿದರು.

ಈಗ ಒಂದು ಕೆಲಸ ಬಾಕಿಯಿತ್ತು. ನಾಟಕ ಆಡಿದವರು ಒಳಗೆ ಬಂದು, ಪುಟ್ಟ ಕುರ್ಚಿಯಲ್ಲಿ ಕೂತು, ತಾವು ಯಾರೆಂದು ಮಕ್ಕಳಿಗೆ ಹೇಳಬೇಕು. ಭಯವನ್ನು ಅಲ್ಲೇ ಇಳಿಸಿ ಹೋಗಬೇಕು.

"ಒಳಗೆ ಬಂದು ಹೇಳಿ ಹೋಗ್ಲಾ?" ಅವನು ಬೇಲಿಯಾಚೆಯಿಂದ ಕೇಳಿದ.

"ಈಗ ಬೇಡ. ಎಷ್ಟು ಚೆನ್ನಾಗಿ ಮನಸ್ಸಿಗೆ ಹೋಗಿದೆ ನೋಡಿ! ಸ್ವಲ್ಪ ದಿನ ಹೀಗೇ ಇರ್ಲಿ."

ಹೊಗಳಿಕೆಯ ಅಮಲು... ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ ಎಂಬುದೇ ಅವಳನ್ನು ಇವತ್ತಿಗೂ ಚುಚ್ಚುತ್ತದೆ.

ಆ ದಿನಗಳು ಕಳೆಯುವ ಮೊದಲೇ ಅಲ್ಲಿನ ಉಯ್ಯಾಲೆ ಮುರಿಯಿತು. ಅವಳ ಪಾಠವಿರುವ ದಿನವೇ ನೋಡಿಕೊಂಡು ಅವನು ರಿಪೇರಿಗೆ ಹುರುಪಿನಿಂದ ಬಂದ. ಪೋಷಕರು ಮಕ್ಕಳನ್ನು ಕರೆದೊಯ್ಯುವ ಹೊತ್ತು.

"ಬೆಕ್ಕಿನಮರಿ ಕಳ್ಳ! ಬೇಡಾ! ಓಡಿ! ಓಡೀ!"

ಕಲಿಸಿದ್ದನ್ನು ಮಕ್ಕಳು ಒಂದಕ್ಷರ ಬಿಡದೆ ಮಾಡಿದರು. ಅವಳು ಹೊರಗೋಡಿ ಬರುವಷ್ಟರಲ್ಲಿ ಒಬ್ಬ ತಂದೆಯ ಮುಷ್ಟಿಯಲ್ಲಿ ಅವನ ಕಾಲರು, ಸುತ್ತ ಜನ. ನೆಲದ ತುಂಬ ಸ್ಪ್ಯಾನರುಗಳು.

"ಬಿಡಿ, ಬಿಡಿ ಅವರನ್ನ! ಅದು ನಾಟಕ!" ಎಂದಳು.

ಯಜಮಾನಮ್ಮ ಮುಂದೆ ಬಂದರು. "ಟೀಚರ್, ಅವತ್ತು ಇವರನ್ನ ಕರೆಸಿದ್ದು ನೀವೇ ಅಲ್ವಾ? ಇವರು ನಿಮಗೇನಾಗಬೇಕು?"

ಅವನು ಅವಳ ಮುಖವನ್ನೇ ನೋಡಿದ. ಹರಿದ ಅಂಗಿಯ ನೋವು ಆ ಕಣ್ಣುಗಳಲ್ಲಿ ಇರಲಿಲ್ಲ. ಒಂದು ಮಾತಿಗೆ ಕಾದಿದ್ದವು, ಅಷ್ಟೇ.

ಅಷ್ಟೂ ಅಪ್ಪ ಅಮ್ಮಂದಿರ ದೃಷ್ಟಿ ಅವಳ ಮೇಲೆ. 'ತನ್ನವನನ್ನೇ ನಮ್ಮ ಮಕ್ಕಳ ಮೇಲೆ ಬಿಟ್ಟಳು' ಅಂದುಬಿಟ್ಟರೆ? ನಾಳೆಯಿಂದ ಯಾವ ಶಾಲೆ ಕರೆದೀತು?

"ಏನೂ ಆಗಬೇಕಿಲ್ಲ..." ಅವಳ ನಾಲಿಗೆ ಅಂದಿತು. "ಕೆಲಸಕ್ಕೆ ಕರೆಸಿದ್ದೆ."

ಕಾಲರು ಬಿಟ್ಟ ಮೇಲೆ ಅವನು ಸ್ಪ್ಯಾನರುಗಳನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ತುಂಬಿದ.

"ಮಕ್ಕಳು ಚೆನ್ನಾಗಿ ಕಲ್ತಿದ್ದಾರೆ, ಟೀಚರ್" ಎಂದು ಹೋದ.

ಅವಳು ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. 'ಕ್ಷಮಿಸಲಾರ' ಅಂದುಕೊಂಡು ಸುಮ್ಮನಾದಳು.

"ಜೋರಾಗಿ ಕೂಗಿ ಹೇಳಿ ಅಂತ ಊರ ಮಕ್ಕಳಿಗೆಲ್ಲ ಕಲಿಸ್ತೀಯ" ಎಂದಳು ಅಕ್ಕ, ಈ ಸಲ ರೇಗಿಸದೆ. "ನಿನ್ನ ಸರದಿ ಬಂದಾಗ ನಿನಗೇ ಬಾಯಿ ಬರಲಿಲ್ಲ ನೋಡು."

ಒಂದು ವರ್ಷ ಉರುಳಿತು.

ಅದೇ ಶಿಶುವಿಹಾರ ಮತ್ತೆ ಕರೆಯಿತು. ಮೆಣಸಿನಕಾಯಿಯ ಅಮ್ಮ ಬಾಗಿಲಲ್ಲೇ ಹಿಡಿದುಕೊಂಡರು. "ಟೀಚರ್, ಇವಳು ಈಗ ಉಯ್ಯಾಲೆ ಹತ್ತೋದೇ ಇಲ್ಲ. ನಲ್ಲಿ ರಿಪೇರಿಯವರು ಚೀಲ ಹಿಡ್ಕೊಂಡು ಬಂದ್ರೆ ಮಂಚದ ಕೆಳಗೆ. ಸ್ವಂತ ಸೋದರಮಾವ ಬಂದ್ರೂ ಮಂಚದ ಕೆಳಗೆ!"

ಅಂದು ಇಳಿಸದೆ ಬಿಟ್ಟ ಭಯವನ್ನು ಈ ಪುಟ್ಟ ಜೀವ ಒಂದು ವರ್ಷದಿಂದ ಹೊತ್ತು ತಿರುಗುತ್ತಿತ್ತು!

ಅವಳು ನೇರ ಅವನ ಶೆಡ್ಡಿಗೆ ಹೋದಳು. ಅವನು ಜಾರುಬಂಡೆಯ ತುಕ್ಕು ಉಜ್ಜುತ್ತಿದ್ದ. ಕಿವಿಯ ಪಕ್ಕ ಒಂದಿಷ್ಟು ಬಿಳಿ ಕೂದಲು.

"ನನಗೋಸ್ಕರ ಬಂದಿಲ್ಲ" ಎಂದು ಮಗುವಿನ ಕಥೆ ಹೇಳಿದಳು. "ನೀವು ಬಂದು ಆ ಪುಟ್ಟ ಕುರ್ಚಿಯಲ್ಲಿ ಕೂರಬೇಕು. ಕೇಳೋಕೆ ನನಗೆ ಮುಖವಿಲ್ಲ..."

ಉಜ್ಜುವ ಸದ್ದು ನಿಂತಿತು.

"ಮಗುವಿಗೋಸ್ಕರ ಬರ್ತೀನಿ." ಉಜ್ಜುಕಾಗದ ಕೆಳಗಿಟ್ಟು ಹೇಳಿದ, "ಕೆಲಸದವನು ಅನ್ನಿಸ್ಕೊಳ್ಳೋಕೆ ನನಗೆ ನಾಚಿಕೆಯಿಲ್ಲ, ಟೀಚರ್. ನಿಮಗೆ ನಾಚಿಕೆಯಾಯ್ತಲ್ಲ, ಅದನ್ನ ಮರೆಯೋಕಾಗ್ಲಿಲ್ಲ."

"ಅಯ್ಯೋ, ನಿಮ್ಮ ಕೆಲಸಕ್ಕಲ್ಲ! ನನ್ನ ತಪ್ಪು ಬಯಲಾಗುತ್ತೆ ಅಂತ ಹೆದರಿದೆ. ನಿಮ್ಮನ್ನ ಅಡ್ಡ ಇಟ್ಟು ನಾನು ಬಚಾವಾದೆ."

ವರ್ಷವಿಡೀ ಅವನು ಏನೆಂದುಕೊಂಡಿದ್ದ ಎಂಬುದು ಅವಳಿಗೆ ತಿಳಿದದ್ದೇ ಆಗ. ಇನ್ನೊಂದು ಸಲ ಫೋನ್ ಮಾಡಿದ್ದರೆ... ಒಂದು ಸಲ ಇಲ್ಲಿಯವರೆಗೆ ನಡೆದು ಬಂದಿದ್ದರೆ...

ಮರುದಿನ ಅವನು ಮೊಣಕಾಲು ಗದ್ದಕ್ಕೆ ತಾಗುವಂತೆ ಪುಟ್ಟ ಕುರ್ಚಿಯಲ್ಲಿ ಕೂತಿದ್ದ. ಮೆಣಸಿನಕಾಯಿ ಅಮ್ಮನ ಸೆರಗಿನ ಹಿಂದೆ. ಯಜಮಾನಮ್ಮ, ತಾಯಂದಿರು ಗೋಡೆಗೊರಗಿ ನಿಂತಿದ್ದರು.

"ಮುಖ ನೋಡಿ ಯಾರು ಒಳ್ಳೆಯವರು ಅಂತ ಗೊತ್ತಾಗಲ್ಲ ಮಕ್ಕಳೇ. ಚೀಲ ನೋಡಿಯೂ ಗೊತ್ತಾಗಲ್ಲ. ಗುರುತಿರೋರೇ ಆಗ್ಲಿ, ಇಲ್ಲದವರೇ ಆಗ್ಲಿ, ನಿಮ್ಮೊಬ್ಬರನ್ನೇ ಕರೆದ್ರೆ, ಯಾರಿಗೂ ಹೇಳ್ಬೇಡ ಅಂದ್ರೆ, ಆಗ ಬೇಡ ಅನ್ನಿ. ಅವತ್ತು ಇವರು ಆಡಿದ್ದು ನಾನು ಹೇಳಿಕೊಟ್ಟ ನಾಟಕ."

ಸೆರಗಿನ ಹಿಂದಿನಿಂದ ಒಂದು ಕಣ್ಣು ಇಣುಕಿತು. "ಬೆಕ್ಕಿನ ಮರಿ?"

"ಇರಲೇ ಇಲ್ಲಮ್ಮ. ಸುಳ್ಳು ಹೇಳಿದ್ದೆ" ಎಂದ ಅವನು.

ಇನ್ನೊಂದು ಕಣ್ಣೂ ಹೊರಬಂತು. "ಟೀಚರ್... ಇವರು ನಿಮಗೇನಾಗಬೇಕು?"

ಅದೇ ಪ್ರಶ್ನೆ!

"ನಾನು ಮದುವೆಯಾಗ್ಬೇಕು ಅಂತಿದ್ದವರು" ಎಂದಳು, ಗೋಡೆಗೊರಗಿದವರಿಗೂ ಕೇಳುವಂತೆ. "ಅವತ್ತು ಎಲ್ಲರ ಮುಂದೆ ಹೇಳ್ಲಿಲ್ಲ. ಹೆದರಿಬಿಟ್ಟೆ."

"ಹೆದರಿಕೆ ಆದ್ರೆ ನಂಬಿಕೆಯವರಿಗೆ ಹೇಳ್ಬೇಕು ಅಂದಿದ್ರಿ?"

"ಹೌದು ಪುಟ್ಟಿ... ಇವರಿಗೇ ಹೇಳ್ಬೇಕಿತ್ತು."

ಅವನು ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡುತ್ತಿದ್ದ.

ಸಂಜೆ ಅಂಗಳದಲ್ಲಿ ಮೆಣಸಿನಕಾಯಿ ಉಯ್ಯಾಲೆ ಹತ್ತಿ ಕೂತಳು. ಅಪ್ಪಣೆಯಾಯಿತು: "ನಾನು ತಳ್ಳಿ ಅನ್ನೋ ತನಕ ತಳ್ಳಬಾರದು!"

"ಆಗಲಮ್ಮ" ಎಂದು ಅವನು ಕೈಕಟ್ಟಿ ನಿಂತ. ಎಷ್ಟೋ ಹೊತ್ತಿನ ಮೇಲೆ ಆ ಪುಟ್ಟ ದನಿ "ತಳ್ಳಿ" ಎಂದಿತು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅವಳು ಅವನ ಪಕ್ಕ ಬಂದು ನಿಂತಳು.

"ಕೈ ಹಿಡೀಬಹುದಾ? ಬೇಡ ಅಂದ್ರೂ... ಸರಿ."

"ಗ್ರೀಸ್ ಆಗಿದೆ."

"ನಾನು ಅದನ್ನ ಕೇಳ್ಲಿಲ್ಲ."

"ತುಂಬಾ ತಡವಾಗಿ ಕೇಳ್ತಿದ್ದೀರಿ, ಟೀಚರ್."

"ಗೊತ್ತು" ಎಂದಳು. ಕಣ್ಣು ತುಂಬಿ ಅಂಗಳವೆಲ್ಲ ಮಂಜಾಯಿತು. "ಹೋದ ವರ್ಷವನ್ನ ಎಲ್ಲಿಂದ ತಂದುಕೊಡ್ಲಿ?"

ಅವನು ಅಂಗೈಯನ್ನು ಅಂಗಿಗೆ ಒರೆಸಿ, ನಿಧಾನವಾಗಿ ಮುಂದೆ ಚಾಚಿದ.

"ಇವತ್ತಿಗೆ ಹಿಡೀರಿ. ನಾಳೆ ಮತ್ತೆ ಕೇಳಿ."

"ದಿನಾ ಕೇಳ್ತೀನಿ..." ಎಂದಳು ಅವಳು.