ತೂತಿಲ್ಲದ ಜಾಲರಿ

ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಕೊರೆವ ಚಳಿಯ ನಾಡಾದ ಮ್ಯಾನಿಟೋಬಾದ ಹೊಸ ಮನೆಗಳಿಗೆ ಬಿಸಿಗಾಳಿಯ ತಗಡಿನ ಕೊಳವೆ ಕೂರಿಸುವುದು ನನ್ನ ಕೆಲಸ. ಕಿಟಕಿಯ ಕೆಳಗಿನ ಒಂದು ಜಾಲರಿಯಿಂದ ಬಿಸಿಗಾಳಿ ಬರಬೇಕು. ಎದುರು ಗೋಡೆಯ ಜಾಲರಿ ತಣ್ಣನೆಯ ಗಾಳಿಯನ್ನು ನೆಲಮಾಳಿಗೆಯಲ್ಲಿ ಮನೆ ಬಿಸಿಮಾಡುವ ಒಲೆಗೆ ವಾಪಸು ಎಳೆಯಬೇಕು. ಆಗಾಥಾ ಫ್ರೀಸನ್ ಎಂಬ ಮುದುಕಿಯ ಮನೆಯಲ್ಲಿ, ಹಿಂದಿನ ಕೋಣೆಯವರೆಗೆ ಆ ಎರಡನೆಯ ಕೊಳವೆ ಒಯ್ಯಲು ನನಗೆ ಸೋಮಾರಿತನ. ಗೋಡೆಗೆ ತೂತನ್ನೇ ಕೊರೆಯದೆ ಬರೀ ಜಾಲರಿ ಹಾಕಿ ಸ್ಕ್ರೂ ಬಿಗಿದೆ. ತಪಾಸಣೆಗೆ ಬಂದವನು ಹೊರಗಿನಿಂದ ನೋಡಿ ಸಹಿ ಹಾಕಿದ.

ಜನವರಿಯಲ್ಲಿ ಆಕೆ ಕರೆಸಿದರು.

“ಬಾ ಕಾರ್ನಿ, ಈ ಕೋಣೆ ಯಾಕೋ ಬೆಚ್ಚಗಾಗ್ತಾನೇ ಇಲ್ಲಪ್ಪ. ನಿನ್ನ ಜಾಲರಿ ಮಾತ್ರ ಎಷ್ಟು ಚೆನ್ನಾಗಿ ಎಳಿಯುತ್ತೆ ನೋಡು,” ಎಂದು ತೆಳುಕಾಗದದ ತುಂಡೊಂದನ್ನು ಹಿಡಿದರು. ಅದು ಜಾಲರಿಗೆ ಪಟ್ಟನೆ ಅಂಟಿಕೊಂಡಿತು.

ಕೆಳಗಿಳಿದು ಒಲೆಯನ್ನೂ ಗಾಳಿ ಎಳೆಯುವ ಅದರ ಫ್ಯಾನನ್ನೂ ಆರಿಸಿ ಬಂದೆ. ಮನೆಯ ಸದ್ದೆಲ್ಲ ಅಡಗಿತು. ಕಾಗದ ಬೀಳಲಿಲ್ಲ. ಉಸಿರಿನ ಲಯದಲ್ಲಿ ಕೊಂಚ ಸಡಿಲವಾಗುತ್ತಿತ್ತು, ಮತ್ತೆ ಅಂಟುತ್ತಿತ್ತು.

“ಒಂಚೂರು ಕಾಫಿ ಸಿಗುತ್ತಾಮ್ಮ?” ಎಂದು ಆಕೆಯನ್ನು ಆಚೆ ಕಳಿಸಿ ಜಾಲರಿ ಬಿಚ್ಚಿದೆ. ಹಿಂದೆ ತೂತಿಲ್ಲದ ಗಟ್ಟಿ ಗೋಡೆ; ಕೊರೆಯಬೇಕಾದಲ್ಲಿ ನಾನೇ ಎಳೆದಿದ್ದ ಪೆನ್ಸಿಲ್ ಗೆರೆಗಳು. ಕಾಗದವನ್ನು ಅವುಗಳ ನಡುವೆ ಒತ್ತಿ ಕೈಬಿಟ್ಟೆ. ಅಂಟಿಯೇ ಇತ್ತು.

ಜಾಲರಿಯನ್ನು ಮೊದಲಿನಂತೆ ಬಿಗಿದೆ.

“ಏನಾಗಿತ್ತೋ?” ಎಂದರು, ಕಾಫಿ ಹಿಡಿದು ಬಂದ ಆಗಾಥಾ.

“ಏನಿಲ್ಲಮ್ಮ, ಎಲ್ಲಾ ಸರಿಯಾಗಿದೆ.”

“ನಾನೂ ಅದೇ ಅಂದ್ಕೊಂಡೆ. ನೀನು ಮಾಡಿದ ಕೆಲಸ ಅಂದ್ರೆ ಕೇಳ್ಬೇಕಾ!”

ಅವರು ಕೊಟ್ಟ ಸೇಬಿನ ಕೇಕನ್ನೂ ತಿಂದು ಬಂದೆ. ಆಕೆಯ ಹಾಸಿಗೆ ಇರುವುದು ಆ ಗೋಡೆಗೆ ತಾಗಿಕೊಂಡೇ. ಈಗಲೂ ತಲೆದಿಂಬು ಆ ಜಾಲರಿಯ ಕಡೆಗೇ.